20 ನಿಮಿಷ ಕಿವಿಗೆ, 100 ನಿಮಿಷ ಕಣ್ಣಿಗೆ: ಚೀನಾದ ಇಂಗ್ಲಿಷ್ ಪರೀಕ್ಷೆಯ ಲೆಕ್ಕಾಚಾರ

ಚೀನಾದ ಕಾಲೇಜು ಪ್ರವೇಶ ಪರೀಕ್ಷೆಯಾದ ಗಾವೊಕಾವೊದಲ್ಲಿ ತಡವಾಗಿ ಬಂದವರನ್ನು ಪರೀಕ್ಷೆ ಶುರುವಾಗಿ 15 ನಿಮಿಷದವರೆಗೂ ಒಳಗೆ ಬಿಡುತ್ತಾರೆ. ಇಂಗ್ಲಿಷ್ ಪತ್ರಿಕೆಗೆ ಮಾತ್ರ ಈ ರಿಯಾಯಿತಿ ಇಲ್ಲ. ಜೂನ್ 8ರಂದು ಮಧ್ಯಾಹ್ನ 3 ಗಂಟೆಗೆ ಪರೀಕ್ಷೆಯಿದ್ದರೆ 2.45ಕ್ಕೇ ಬಾಗಿಲು ಮುಚ್ಚುತ್ತದೆ. 3 ಗಂಟೆಗೆ ಸರಿಯಾಗಿ ಧ್ವನಿವರ್ಧಕದಲ್ಲಿ ಇಂಗ್ಲಿಷ್ ಸಂಭಾಷಣೆ ಶುರುವಾಗುತ್ತದೆ. ಆಮೇಲೆ ಬಂದವನ ಕಾಲ ಸಪ್ಪಳವೂ ಒಳಗೆ ಕೂತವರ ಅಂಕ ಕಳೆಯಬಲ್ಲದು. ಕೇಂದ್ರದ ಸುತ್ತಮುತ್ತ ವಾಹನಗಳು ಹಾರ್ನ್ ಹಾಕುವಂತಿಲ್ಲ, ಕಟ್ಟಡ ಕೆಲಸ ನಿಲ್ಲಬೇಕು. ಇಷ್ಟೆಲ್ಲ ಜೋಪಾನ ಮಾಡುವುದು 20 ನಿಮಿಷಕ್ಕಾಗಿ.

2024ರಲ್ಲಿ ಗಾವೊಕಾವೊಗೆ ಹೆಸರು ನೋಂದಾಯಿಸಿದವರು 1.342 ಕೋಟಿ. ಕರ್ನಾಟಕದಲ್ಲಿ ದ್ವಿತೀಯ ಪಿಯುಸಿ ಬರೆಯುವವರು ವರ್ಷಕ್ಕೆ ಸುಮಾರು 7 ಲಕ್ಷ. ಅಂಥ 19 ಪರೀಕ್ಷೆಗಳನ್ನು ಒಟ್ಟಿಗೆ ನಡೆಸಿದಷ್ಟು ದೊಡ್ಡದು ಇದು. 2019ರಲ್ಲಿ ಈ ಸಂಖ್ಯೆ 1.031 ಕೋಟಿ ಇತ್ತು, 2023ರಲ್ಲಿ 1.291 ಕೋಟಿಗೆ ಬಂತು, 2025ರಲ್ಲಿ 1.335 ಕೋಟಿಗೆ ತುಸು ಇಳಿಯಿತು. ವಿದೇಶಿ ಭಾಷೆಯಾಗಿ ರಷ್ಯನ್, ಜಪಾನಿ, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಕೂಡ ಆಯ್ದುಕೊಳ್ಳಬಹುದು. ಆದರೂ ಬಹುಪಾಲು ಮಕ್ಕಳ ಆಯ್ಕೆ ಇಂಗ್ಲಿಷ್.

ಒಟ್ಟು 750 ಅಂಕಗಳ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 150. ಮಾತೃಭಾಷೆಗೂ ಅಷ್ಟೇ, ಗಣಿತಕ್ಕೂ ಅಷ್ಟೇ. ಹಾಗಾಗಿ ವಿದ್ಯಾರ್ಥಿಯ ಭವಿಷ್ಯದ ಐದನೇ ಒಂದು ಪಾಲು ಒಂದು ಪರಭಾಷೆಯ ಮೇಲೆ ನಿಂತಿದೆ. ಆ 150ರಲ್ಲಿ ಕಿವಿಗೆ ಎಷ್ಟು, ಕಣ್ಣಿಗೆ ಎಷ್ಟು, ಅಳೆಯುವ ಕ್ರಮ ಎಷ್ಟು ನಂಬಿಕೆಗೆ ಅರ್ಹ ಎಂಬುದನ್ನು ಇಲ್ಲಿ ಲೆಕ್ಕ ಹಾಕಿ ನೋಡೋಣ.

ಶೂನ್ಯದಿಂದ ನೂರಕ್ಕೆ

ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಿಂತುಹೋಗಿದ್ದ ಗಾವೊಕಾವೊ 1977ರ ಚಳಿಗಾಲದಲ್ಲಿ ಮತ್ತೆ ನಡೆಯಿತು. ಆಗ ಬರೆದವರು ಸುಮಾರು 57 ಲಕ್ಷ, ಸೀಟು ಸಿಕ್ಕಿದ್ದು 2.7 ಲಕ್ಷದಷ್ಟು ಮಂದಿಗೆ. ಇಂಗ್ಲಿಷಿಗೆ ಆಗ ಲೆಕ್ಕಕ್ಕೆ ಹಿಡಿಯುವಂಥ ಸ್ಥಾನ ಇರಲಿಲ್ಲ. ಹತ್ತು ವರ್ಷ ಶಾಲೆಗಳೇ ಸರಿಯಾಗಿ ನಡೆಯದಿದ್ದ ದೇಶದಲ್ಲಿ ಅದನ್ನು ಕಡ್ಡಾಯ ಮಾಡಲು ಮೇಷ್ಟ್ರುಗಳೇ ಇರಲಿಲ್ಲ. 1978ರಲ್ಲಿ ವಿದೇಶಿ ಭಾಷೆಯ ಅಂಕವನ್ನು ಬರೀ ಮಾಹಿತಿಗೆಂದು ಇಟ್ಟುಕೊಂಡರು. ಪ್ರಮುಖ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ 1979ರಲ್ಲಿ ಪಡೆದ ಅಂಕದ ಶೇ 10ರಷ್ಟನ್ನು ಸೇರಿಸಿದರು. 1980ರಲ್ಲಿ ಶೇ 30, 1981ರಲ್ಲಿ ಶೇ 50, 1982ರಲ್ಲಿ ಶೇ 70 ಆಗಿ 1983ರಲ್ಲಿ ಪೂರ್ತಿ ಶೇ 100 ಸೇರಿತು. ಒಂದು ವಿಷಯವನ್ನು ಶೂನ್ಯದಿಂದ ಪೂರ್ಣ ತೂಕಕ್ಕೆ ಏರಿಸಲು ಐದೇ ವರ್ಷ ಸಾಕಾಯಿತು.

ಆ ವರ್ಷಗಳಲ್ಲಿ ಪರೀಕ್ಷೆ ಬರೆದವರಲ್ಲಿ ಜಿಯಾಂಗ್ಸು ಪ್ರಾಂತದ ಹಳ್ಳಿ ಹುಡುಗ ಯು ಮಿನ್‌ಹಾಂಗ್ ಒಬ್ಬ. ಇಂಗ್ಲಿಷಿನಲ್ಲಿ 1978ರಲ್ಲಿ 100ಕ್ಕೆ 33 ಬಂತು, ನಪಾಸು. 1979ರಲ್ಲಿ 55 ಬಂತು, ಮತ್ತೆ ನಪಾಸು. 1980ರಲ್ಲಿ 95 ಬಂದು ಪೀಕಿಂಗ್ ವಿಶ್ವವಿದ್ಯಾಲಯ ಸೇರಿದ. ಅದೇ ಯು 1993ರಲ್ಲಿ ನ್ಯೂ ಓರಿಯೆಂಟಲ್ ಎಂಬ ಟ್ಯೂಷನ್ ಸಂಸ್ಥೆ ಕಟ್ಟಿದರು. ಮುಂದೆ ಅದು ಚೀನಾದ ಅತಿ ದೊಡ್ಡ ಕೋಚಿಂಗ್ ಸಂಸ್ಥೆಗಳಲ್ಲಿ ಒಂದಾಯಿತು. ಅವರ ಹೆಸರು ಈ ಲೆಕ್ಕದಲ್ಲಿ ಮುಂದೆ ಇನ್ನೊಮ್ಮೆ ಬರುತ್ತದೆ.

ಬಹು ಆಯ್ಕೆ ಪ್ರಶ್ನೆಗಳಿಂದ ಇಂಗ್ಲಿಷನ್ನು ಅಳೆಯುವ ಪದ್ಧತಿಯ ಪ್ರಯೋಗ 1985ರಲ್ಲಿ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಶುರುವಾಯಿತು. ಗ್ವಾಂಗ್‌ಝೌ ವಿದೇಶಿ ಭಾಷಾ ಸಂಸ್ಥೆಯ ಗುಯಿ ಶಿಚುನ್ ಮತ್ತು ಲಿ ಶಿಯಾವ್‌ಜು ಅದರ ಹಿಂದಿದ್ದ ವಿದ್ವಾಂಸರು. ವ್ಯಾಕರಣದ ನಿಯಮ ಒಪ್ಪಿಸುವ ಮಗುವನ್ನು ಭಾಷೆ ಬಳಸುವ ಮಗುವನ್ನಾಗಿ ಮಾಡಬೇಕು, ಅದಕ್ಕೆ ಮೊದಲು ಪರೀಕ್ಷೆ ಬದಲಾಗಬೇಕು ಎಂಬುದು ಅವರ ಆಸೆಯಾಗಿತ್ತು. ಆಲಿಸುವಿಕೆಯ ಭಾಗ ಸೇರಿದ್ದು ಇದಾಗಿ ಎಷ್ಟೋ ವರ್ಷಗಳ ಮೇಲೆ. ಒಂದು ಧ್ವನಿಮುದ್ರಿಕೆಯನ್ನು ಒಂದೇ ಕ್ಷಣದಲ್ಲಿ ಸಾವಿರಾರು ಕೋಣೆಗಳಲ್ಲಿ ಸ್ಪಷ್ಟವಾಗಿ ಕೇಳಿಸುವುದು ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಿ ಹಂಚಿದಷ್ಟು ಸಲೀಸಲ್ಲ.

150 ಅಂಕ ಹೇಗೆ ಹಂಚಿಕೆಯಾಗಿದೆ

ಈಗ ಬಹಳ ಪ್ರಾಂತಗಳಲ್ಲಿ ಬಳಕೆಯಲ್ಲಿರುವ ಹೊಸ ರಾಷ್ಟ್ರೀಯ ಪತ್ರಿಕೆಯನ್ನೇ ತೆಗೆದುಕೊಳ್ಳೋಣ. ಆಲಿಸುವಿಕೆಗೆ 30 ಅಂಕ: 20 ಪ್ರಶ್ನೆ, ತಲಾ ಒಂದೂವರೆ ಅಂಕ. ಓದುವಿಕೆಗೆ 50 ಅಂಕ: 20 ಪ್ರಶ್ನೆ, ತಲಾ ಎರಡೂವರೆ. ಭಾಷಾ ಬಳಕೆಗೆ 30, ಅದರಲ್ಲಿ ನಾಲ್ಕು ಆಯ್ಕೆಗಳಿರುವ ಬಿಟ್ಟ ಸ್ಥಳಕ್ಕೆ 15 ಅಂಕ ಮತ್ತು ವ್ಯಾಕರಣದ ಬಿಟ್ಟ ಸ್ಥಳಕ್ಕೆ 15 ಅಂಕ. ಬರವಣಿಗೆಗೆ 40. ಇದರಲ್ಲಿ 80 ಪದಗಳ ಒಂದು ಪತ್ರ ಅಥವಾ ಟಿಪ್ಪಣಿಗೆ 15 ಅಂಕ. ಅರ್ಧಕ್ಕೆ ನಿಲ್ಲಿಸಿದ ಕತೆಯೊಂದನ್ನು ಓದಿ ಸುಮಾರು 150 ಪದಗಳಲ್ಲಿ ಮುಂದುವರಿಸುವುದಕ್ಕೆ 25.

ಹೀಗೆ ಆಲಿಸುವಿಕೆಯ ಪಾಲು ಪತ್ರಿಕೆಯ ಶೇ 20, ಇಡೀ ಗಾವೊಕಾವೊದ ಶೇ 4. ಓದುವಿಕೆಯ ಪಾಲು ಪತ್ರಿಕೆಯ ಮೂರನೇ ಒಂದು ಭಾಗ. ಅದೂ ಕಾಗದದ ಮೇಲಿನ ಲೆಕ್ಕ ಮಾತ್ರ. ಬಿಟ್ಟ ಸ್ಥಳ ತುಂಬಲು ಗದ್ಯಭಾಗ ಓದಲೇಬೇಕು, ಕತೆ ಮುಂದುವರಿಸಲು ಮೊದಲರ್ಧ ಅರ್ಥವಾಗಲೇಬೇಕು. ಓದಲು ಬಾರದ ಮಗುವಿಗೆ ಆಲಿಸುವಿಕೆಯ 30 ಅಂಕ ಮತ್ತು 15 ಅಂಕದ ಪತ್ರವನ್ನು ಬಿಟ್ಟರೆ ಉಳಿದ 105 ಅಂಕಗಳಲ್ಲೂ ಕಾಲಿಡಲು ಜಾಗವಿಲ್ಲ. ಕಿವಿ ಕೈಕೊಟ್ಟರೆ ಹೆಚ್ಚೆಂದರೆ 30 ಹೋಗುತ್ತದೆ. ಮೇಷ್ಟ್ರಿಗೂ ಮನೆಯವರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು. ತರಗತಿಯ ಸಮಯ ಎತ್ತ ಹರಿಯುತ್ತದೆ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ.

ಹತ್ತು ವರ್ಷದ ಪಾಠ, ಎಂಟು ನಿಮಿಷದ ಇಂಗ್ಲಿಷ್

ಚೀನಾದಲ್ಲಿ 2001ರಿಂದ ಮೂರನೇ ತರಗತಿಯಲ್ಲೇ ಇಂಗ್ಲಿಷ್ ಕಲಿಸುವ ಕ್ರಮ ಜಾರಿಗೆ ಬಂತು. 2022ರ ಪಠ್ಯಕ್ರಮದ ಪ್ರಕಾರ ಒಂಬತ್ತು ವರ್ಷಗಳ ಕಡ್ಡಾಯ ಶಿಕ್ಷಣದ ಒಟ್ಟು ಪಿರಿಯಡ್‌ಗಳು 9,522. ಇದರಲ್ಲಿ ವಿದೇಶಿ ಭಾಷೆಗೆ ಶೇ 6ರಿಂದ 8, ಅಂದರೆ 571ರಿಂದ 762 ಪಿರಿಯಡ್. ಹೈಸ್ಕೂಲಿನ ಮೂರು ವರ್ಷಗಳಲ್ಲಿ ಕಡ್ಡಾಯವಾಗಿ 6 ಕ್ರೆಡಿಟ್, ಗಾವೊಕಾವೊ ಬರೆಯುವವರಿಗೆ ಇನ್ನೂ 8 ಕ್ರೆಡಿಟ್‌ವರೆಗೆ. ಒಂದು ಕ್ರೆಡಿಟ್ಟಿಗೆ 18 ಪಿರಿಯಡ್‌ನಂತೆ 252 ಆಯಿತು. ಎಲ್ಲ ಕೂಡಿದರೆ 823ರಿಂದ 1,014 ಪಿರಿಯಡ್. ಸರ್ಕಾರಿ ಲೆಕ್ಕ ಇಷ್ಟು. ಕೊನೆಯ ವರ್ಷದ ಪುನರಾವರ್ತನೆ, ಸಂಜೆಯ ಸ್ವಂತ ಓದಿನ ಅವಧಿ, ವಾರಕ್ಕೊಂದು ಅಣಕು ಪರೀಕ್ಷೆ ಇದರಲ್ಲಿ ಸೇರಿಲ್ಲ.

ಈಗ ಆ 20 ನಿಮಿಷದೊಳಗೆ ಏನು ನಡೆಯುತ್ತದೆಂದು ಗಡಿಯಾರ ಹಿಡಿದು ನೋಡಬೇಕು. ಮೊದಲ ಭಾಗದಲ್ಲಿ ಐದು ಚಿಕ್ಕ ಸಂಭಾಷಣೆ, ಒಂದೊಂದಕ್ಕೆ ಒಂದೊಂದು ಪ್ರಶ್ನೆ. ಒಂದೇ ಸಲ ಕೇಳಿಸುತ್ತಾರೆ. ಪ್ರತಿಯೊಂದರ ನಂತರ ಉತ್ತರ ಗುರುತಿಸಿ ಮುಂದಿನ ಪ್ರಶ್ನೆ ಓದಿಕೊಳ್ಳಲು 10 ಸೆಕೆಂಡ್. ಅಲ್ಲಿಗೆ 50 ಸೆಕೆಂಡ್ ಮೌನ. ಎರಡನೇ ಭಾಗದಲ್ಲಿ ಐದು ದೊಡ್ಡ ಧ್ವನಿಮುದ್ರಿಕೆಗಳು, 15 ಪ್ರಶ್ನೆಗಳು. ಪ್ರತಿ ಪ್ರಶ್ನೆಗೆ ಮೊದಲು ಓದಿಕೊಳ್ಳಲು 5 ಸೆಕೆಂಡ್, ಆಮೇಲೆ ಉತ್ತರಿಸಲು 5 ಸೆಕೆಂಡ್. ಇದು 150 ಸೆಕೆಂಡ್. ಕೊನೆಗೆ ಉತ್ತರಗಳನ್ನು ಉತ್ತರದ ಶೀಟಿಗೆ 2ಬಿ ಪೆನ್ಸಿಲಿನಿಂದ ತುಂಬಲು 2 ನಿಮಿಷ. ಒಟ್ಟು 5 ನಿಮಿಷ 20 ಸೆಕೆಂಡ್ ಏನೂ ಕೇಳಿಸುವುದಿಲ್ಲ. ಉಳಿದದ್ದು 14 ನಿಮಿಷ 40 ಸೆಕೆಂಡ್. ಎರಡನೇ ಭಾಗವನ್ನು ಎರಡೆರಡು ಸಲ ಕೇಳಿಸುವುದರಿಂದ, ಸೂಚನೆಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಕಿವಿಗೆ ಬೀಳುವ ಹೊಸ ಇಂಗ್ಲಿಷ್ ಎಂಟು ನಿಮಿಷ ದಾಟುವುದಿಲ್ಲ. ಸೂಚನೆಗಳನ್ನು ಕಳೆದರೆ ಇನ್ನೂ ಕಡಿಮೆ.

ಹತ್ತು ವರ್ಷ ಕಲಿತ ಭಾಷೆಯನ್ನು ಕಿವಿಯ ಮೂಲಕ ಅಳೆಯಲು ಸಿಗುವ ಸಾಮಗ್ರಿ ಅಷ್ಟೇ. ಪತ್ರಿಕೆ ಮಾಡುವವರ ಕೌಶಲದ ಬಗ್ಗೆ ನನಗೆ ಗೌರವವಿದೆ. ಆದರೆ ಎಂಟು ನಿಮಿಷದಲ್ಲಿ ಅಳೆಯಬಹುದಾದ್ದಕ್ಕೆ ಒಂದು ಮಿತಿ ಇದೆ.

ಆ ಮಿತಿ ಹೇಗಿದೆ ಎಂಬುದು ಪತ್ರಿಕೆಯ ಮೊದಲ ಪುಟದ ಮಾದರಿ ಪ್ರಶ್ನೆಯಲ್ಲೇ ಕಾಣುತ್ತದೆ. ಚೀನಾದಲ್ಲಿ ಹೈಸ್ಕೂಲು ಮುಗಿಸಿದ ಯಾರನ್ನು ಕೇಳಿದರೂ ಇದನ್ನು ಬಾಯಿಪಾಠ ಹೇಳುತ್ತಾರೆ: ಶರ್ಟಿನ ಬೆಲೆ ಎಷ್ಟು? ಆಯ್ಕೆಗಳು ಮೂರು: 19 ಪೌಂಡ್ 15 ಪೆನ್ಸ್, 9 ಪೌಂಡ್ 18 ಪೆನ್ಸ್, 9 ಪೌಂಡ್ 15 ಪೆನ್ಸ್. ಸರಿ ಉತ್ತರ ಮೂರನೆಯದು ಎಂದು ಪಕ್ಕದಲ್ಲೇ ಅಚ್ಚಾಗಿರುತ್ತದೆ. ವರ್ಷಗಳಿಂದ ಇದೇ ಶರ್ಟು, ಇದೇ ಬೆಲೆ. ಇಂಗ್ಲಿಷಿನ ಒಂಬತ್ತನ್ನೂ ಹತ್ತೊಂಬತ್ತನ್ನೂ, ಹದಿನೈದನ್ನೂ ಹದಿನೆಂಟನ್ನೂ ಬೇರ್ಪಡಿಸಿ ಕೇಳುವ ಕಿವಿ ಇದೆಯೇ ಎಂದು ಇದು ನೋಡುತ್ತದೆ. ಅಂಗಡಿಯಲ್ಲಿ ಅದು ಬೇಕಾದ ಶಕ್ತಿಯೇ. ಆದರೆ ಕಾಲೇಜಿನಲ್ಲಿ ಮುಕ್ಕಾಲು ಗಂಟೆಯ ಉಪನ್ಯಾಸ ಕೇಳುತ್ತ ಟಿಪ್ಪಣಿ ಮಾಡಿಕೊಳ್ಳುವ ಶಕ್ತಿ ಬೇರೆಯದು, ಅದನ್ನು ಈ 20 ಪ್ರಶ್ನೆಗಳು ಮುಟ್ಟುವುದಿಲ್ಲ.

ಓದಿನ 50 ಅಂಕ

ಕೇಳುವುದು ಮುಗಿದ ಮೇಲೆ 100 ನಿಮಿಷ, 120 ಅಂಕ. ಒಂದು ಅಂಕಕ್ಕೆ 50 ಸೆಕೆಂಡ್. ಆ ದರದಲ್ಲಿ ಓದುವಿಕೆಯ 50 ಅಂಕಕ್ಕೆ ಸಲ್ಲುವ ಸಮಯ 41 ನಿಮಿಷ 40 ಸೆಕೆಂಡ್. ಇದರಲ್ಲಿ ನಾಲ್ಕು ಗದ್ಯಭಾಗ ಓದಿ 15 ಪ್ರಶ್ನೆಗೆ ಉತ್ತರಿಸಬೇಕು. ಮೊದಲನೆಯದು ಸಾಮಾನ್ಯವಾಗಿ ಪ್ರವಾಸದ ಕರಪತ್ರ, ವೇಳಾಪಟ್ಟಿಯಂಥದ್ದು, 3 ಪ್ರಶ್ನೆ. ಉಳಿದ ಮೂರಕ್ಕೆ ತಲಾ 4. ಒಂದೊಂದು ಗದ್ಯಭಾಗ ಹೆಚ್ಚುಕಡಿಮೆ 200ರಿಂದ 400 ಪದ.

ಇದಾದ ಮೇಲೆ ಐದು ವಾಕ್ಯಗಳನ್ನು ತೆಗೆದುಹಾಕಿದ ಇನ್ನೊಂದು ಗದ್ಯಭಾಗ. ಕೆಳಗೆ ಏಳು ವಾಕ್ಯ ಕೊಟ್ಟಿರುತ್ತಾರೆ, ಸರಿಯಾದ ಐದನ್ನು ಸರಿಯಾದ ಜಾಗಕ್ಕೆ ಕೂರಿಸಬೇಕು. ನನ್ನ ಅಭಿಪ್ರಾಯದಲ್ಲಿ ಇಡೀ ಪತ್ರಿಕೆಯ ಅತ್ಯುತ್ತಮ ಪ್ರಶ್ನೆ ಇದು. ಪದದ ಅರ್ಥ ಗೊತ್ತಿದ್ದರೆ ಸಾಲದು, ವಾದ ಒಂದು ವಾಕ್ಯದಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬುದು ಹಿಡಿತಕ್ಕೆ ಸಿಗಬೇಕು. ಆದರೆ ಅಂಕ ಕೊಡುವ ರೀತಿಯಲ್ಲಿ ಒಂದು ತೊಡಕಿದೆ. ಎರಡನೇ ಜಾಗದ ವಾಕ್ಯವನ್ನು ನಾಲ್ಕನೇ ಜಾಗಕ್ಕೆ ಹಾಕಿದ ಹುಡುಗಿ ಎರಡನೆಯದಕ್ಕೂ ಬೇರೇನನ್ನೋ ಹಾಕಬೇಕಾಗುತ್ತದೆ. ತಪ್ಪು ತಿಳಿದದ್ದು ಒಂದು, ಹೋದದ್ದು ಎರಡು ಉತ್ತರ, 5 ಅಂಕ. ಆಲಿಸುವಿಕೆಯಲ್ಲಿ 5 ಅಂಕ ಕಳೆದುಕೊಳ್ಳಲು ಮೂರಕ್ಕಿಂತ ಹೆಚ್ಚು ತಪ್ಪು ಮಾಡಬೇಕು.

ಓದಿನ ತಯಾರಿಗೆ ಸರ್ಕಾರ ನಿಗದಿ ಮಾಡಿದ ಪ್ರಮಾಣವೂ ಇದೆ. 2017ರ ಹೈಸ್ಕೂಲ್ ಪಠ್ಯಕ್ರಮದ ಪದಪಟ್ಟಿಯಲ್ಲಿ 3,000 ಪದಗಳಿವೆ: ಕೆಳಗಿನ ತರಗತಿಗಳಲ್ಲಿ ಕಲಿತು ಬಂದ 1,500, ಕಡ್ಡಾಯ ಹಂತದ 500, ಅದರ ಮೇಲಿನ ಹಂತದ 1,000. ಪಠ್ಯದ ಹೊರಗೆ ವಾರಕ್ಕೆ ಕನಿಷ್ಠ 1,500 ಪದ ಓದಬೇಕು, ಕಡ್ಡಾಯ ಹಂತ ಮುಗಿಯುವಾಗ 45,000 ಪದ ಆಗಿರಬೇಕು. ಮುಂದಿನ ಹಂತದಲ್ಲಿ ವಾರಕ್ಕೆ 2,500, ಒಟ್ಟು 1 ಲಕ್ಷ. ಎರಡೂ ಸೇರಿ 1.45 ಲಕ್ಷ ಪದ. ದಿನದ ಲೆಕ್ಕಕ್ಕೆ ಇಳಿಸಿದರೆ ಮೊದಲ ಹಂತದಲ್ಲಿ 214 ಪದ, ಎರಡನೆಯದರಲ್ಲಿ 357. ಕೇಳುವುದಕ್ಕೆ, ನೋಡುವುದಕ್ಕೆ ನಿಗದಿಯಾದದ್ದು ಕಡ್ಡಾಯ ಹಂತದಲ್ಲಿ ವಾರಕ್ಕೆ 30 ನಿಮಿಷ. ದಿನಕ್ಕೆ ನಾಲ್ಕು ನಿಮಿಷ ಚಿಲ್ಲರೆ. ಮಾತೃಭಾಷೆಯಲ್ಲಿ ದಿನವಿಡೀ ಕೇಳುತ್ತ ಬೆಳೆಯುವ ಕಿವಿಗೆ ಪರಭಾಷೆ ಒಗ್ಗಲು ಇದು ಏನೇನೂ ಸಾಲದು.

ಕಣ್ಣುಮುಚ್ಚಿ ಗುರುತು ಹಾಕಿದರೆ

ಆಲಿಸುವಿಕೆಯಲ್ಲಿ ಪ್ರತಿ ಪ್ರಶ್ನೆಗೆ ಮೂರೇ ಆಯ್ಕೆ. ಒಂದಕ್ಷರ ಇಂಗ್ಲಿಷ್ ಕೇಳದೆ ಸುಮ್ಮನೆ ಗುರುತು ಹಾಕಿ ಬಂದವನಿಗೂ ಸರಾಸರಿ 30ಕ್ಕೆ 10 ಅಂಕ ಬರುತ್ತದೆ. ಓದುವಿಕೆಯ 15 ಪ್ರಶ್ನೆಗಳಿಗೆ ನಾಲ್ಕು ಆಯ್ಕೆ, ಹಾಗಾಗಿ ಸರಾಸರಿ 9.4. ಏಳರಲ್ಲಿ ಐದು ಆರಿಸುವಲ್ಲಿ 1.8. ಬಿಟ್ಟ ಸ್ಥಳದಲ್ಲಿ 3.75. ಗುರುತು ಹಾಕುವ 95 ಅಂಕಗಳಲ್ಲಿ ಸುಮಾರು 25 ಅಂಕ ಬರೀ ಅದೃಷ್ಟದ ಪಾಲು. ಆದ್ದರಿಂದ ಆಲಿಸುವಿಕೆಯ 30 ಅಂಕ ಅಂದಾಗ ನಿಜವಾಗಿ ಅಳೆಯುವ ಜಾಗ 10ರಿಂದ 30ರ ನಡುವಿನ 20 ಅಂಕ ಮಾತ್ರ.

ಚೆನ್ನಾಗಿ ಬಲ್ಲ ಮಗುವಿನ ಲೆಕ್ಕ ಇನ್ನೂ ಗಂಭೀರ. ಇಂಥ ಪ್ರಶ್ನೆಗಳಲ್ಲಿ ನೂರಕ್ಕೆ 70 ಸರಿ ಮಾಡುವಷ್ಟು ಶಕ್ತಿ ಇರುವ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. 20ರಲ್ಲಿ ಅವಳಿಗೆ 14 ಬರಬೇಕು. ಆದರೆ ಕೇಳಿದ್ದು 20 ಪ್ರಶ್ನೆ ಮಾತ್ರವಾದ್ದರಿಂದ ಯಾವ 20 ಬಂದವು ಎಂಬುದರ ಮೇಲೆ ಫಲಿತಾಂಶ ಅಲುಗಾಡುತ್ತದೆ. ಸಂಭವನೀಯತೆಯ ಸೂತ್ರಕ್ಕೆ ಹಾಕಿದರೆ ಅವಳಂಥ ನೂರು ಮಕ್ಕಳಲ್ಲಿ 78 ಮಂದಿಗೆ 12ರಿಂದ 16 ಸರಿಯಾಗುತ್ತದೆ, ಅಂದರೆ 18ರಿಂದ 24 ಅಂಕ. 11 ಮಂದಿ ಅದಕ್ಕಿಂತ ಮೇಲೆ, 11 ಮಂದಿ ಅದಕ್ಕಿಂತ ಕೆಳಗೆ. ಶಕ್ತಿ ಎಲ್ಲರದೂ ಒಂದೇ.

ಆರು ಅಂಕದ ಅಂತರ ಎಂದರೆ ಎಷ್ಟು ಎಂಬುದಕ್ಕೆ ಹೆನಾನ್ ಪ್ರಾಂತವನ್ನು ನೋಡಬಹುದು. 2024ರಲ್ಲಿ ಅಲ್ಲಿ ನೋಂದಾಯಿಸಿದವರು 13.6 ಲಕ್ಷ. ಅಷ್ಟೂ ಜನರನ್ನು 750 ಅಂಕಗಳ ಮೇಲೆ ಸಮನಾಗಿ ಹರಡಿದರೂ ಒಂದು ಅಂಕಕ್ಕೆ 1,813 ಮಂದಿ. ನಿಜದಲ್ಲಿ ನಡುವಿನ ಅಂಕಗಳಲ್ಲಿ ಜನ ಇನ್ನೂ ಒತ್ತೊತ್ತಾಗಿರುತ್ತಾರೆ. ಹರಡಿದ ಲೆಕ್ಕವನ್ನೇ ಹಿಡಿದರೆ ಆಲಿಸುವಿಕೆಯ ಒಂದು ಪ್ರಶ್ನೆ 2,720 ಸ್ಥಾನಗಳಿಗೆ ಸಮ. ಆರು ಅಂಕ ಸುಮಾರು 10,900 ಸ್ಥಾನಗಳಿಗೆ ಸಮ. ಹತ್ತು ಸೆಕೆಂಡಿನ ಮೌನದಲ್ಲಿ ಯಾರೋ ಕೆಮ್ಮಿದ್ದು, ಹಿಂದಿನ ಬೆಂಚಿಗೆ ಧ್ವನಿವರ್ಧಕ ಗೊರಗೊರ ಎಂದದ್ದು ಒಂದು ಜೀವನದ ದಾರಿ ತಿರುಗಿಸಬಹುದು. ಇದನ್ನು ಸಣ್ಣ ವಿಷಯ ಎನ್ನಲು ನನ್ನಿಂದ ಆಗದು.

ಪ್ರಾಂತಕ್ಕೊಂದು ತಕ್ಕಡಿ

ಒಂದೇ ಕಿವಿಗೆ ದೇಶದ ಬೇರೆ ಬೇರೆ ಕಡೆ ಬೇರೆ ಬೇರೆ ಬೆಲೆ. ಕೆಲವು ಪ್ರಾಂತಗಳು ವರ್ಷಗಟ್ಟಲೆ ಆಲಿಸುವಿಕೆಯ ಅಂಕವನ್ನು ಒಟ್ಟು ಮೊತ್ತಕ್ಕೆ ಸೇರಿಸಲೇ ಇಲ್ಲ. ಉಳಿದ 120 ಅಂಕವನ್ನು 1.25ರಿಂದ ಗುಣಿಸಿ 150 ಮಾಡಿದವು. ಹಾಗೆ ಗುಣಿಸಿದಾಗ ಹಳೆಯ ಪತ್ರಿಕೆಯಲ್ಲಿ ಓದುವಿಕೆಗಿದ್ದ 40 ಅಂಕ 50 ಆಗುತ್ತಿತ್ತು, ಆಲಿಸುವಿಕೆ ಸೊನ್ನೆಯಾಗುತ್ತಿತ್ತು. ಹಳ್ಳಿ ಶಾಲೆಗಳಲ್ಲಿ ಸಲಕರಣೆ ಇಲ್ಲ, ಮಕ್ಕಳಿಗೆ ಅನ್ಯಾಯವಾಗಬಾರದು ಎಂಬುದು ಇಂಥ ಕ್ರಮಕ್ಕೆ ಕೊಡುವ ಸಮರ್ಥನೆ. ಕಾಳಜಿ ಸರಿಯಾದದ್ದೇ. ಆದರೆ ಅಂಕವಿಲ್ಲದ್ದನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಹಳ್ಳಿಯ ಮಗುವಿಗೆ ಪರೀಕ್ಷೆಯ ದಿನ ತಪ್ಪಿದ ಅನ್ಯಾಯ ಕಾಲೇಜಿನ ಮೊದಲ ದಿನ ಕಾದಿರುತ್ತದೆ.

ಬೀಜಿಂಗ್ ಇನ್ನೊಂದು ತುದಿ. 2013ರಲ್ಲಿ ಅಲ್ಲಿ ಇಂಗ್ಲಿಷನ್ನು 150ರಿಂದ 100 ಅಂಕಕ್ಕೆ ಇಳಿಸುವ ಪ್ರಸ್ತಾಪ ಬಂದು ದೇಶದಾದ್ಯಂತ ಸುದ್ದಿಯಾಯಿತು. ಅದು ಆ ರೂಪದಲ್ಲಿ ಜಾರಿಯಾಗಲಿಲ್ಲ. ಬದಲಿಗೆ ಆಲಿಸುವಿಕೆಯನ್ನು ಪತ್ರಿಕೆಯಿಂದ ಬೇರ್ಪಡಿಸಿ ಡಿಸೆಂಬರಿನಲ್ಲೊಮ್ಮೆ, ಮಾರ್ಚಿನಲ್ಲೊಮ್ಮೆ ನಡೆಸಿ ಹೆಚ್ಚು ಬಂದ ಅಂಕವನ್ನು ಹಿಡಿಯುವ ಕ್ರಮ ಬಂತು. 2021ರ ಗಾವೊಕಾವೊದಿಂದ ಅದಕ್ಕೆ 20 ಅಂಕದ ಮಾತಿನ ಪರೀಕ್ಷೆಯೂ ಸೇರಿ, ಕಂಪ್ಯೂಟರ್ ಮುಂದೆ ಕೂತು ಹೆಡ್‌ಫೋನ್ ಹಾಕಿಕೊಂಡು ಕೊಡುವ ಪರೀಕ್ಷೆ 50 ಅಂಕದ್ದಾಯಿತು, ಬರೆಯುವುದು 100ಕ್ಕೆ ಇಳಿಯಿತು. ಗ್ವಾಂಗ್‌ಡಾಂಗ್ 2011ರಲ್ಲೇ ಆಲಿಸುವ ಮತ್ತು ಮಾತನಾಡುವ ಪರೀಕ್ಷೆಯನ್ನು ಕಂಪ್ಯೂಟರಿಗೆ ತಂದಿತ್ತು, ಆಗ 15 ಅಂಕ, 2021ರಿಂದ 20. ಅಲ್ಲಿ ಕೇಳಿದ ಕತೆಯನ್ನು ತಮ್ಮ ಮಾತಲ್ಲಿ ತಿರುಗಿ ಹೇಳಬೇಕು. ಅಂಕ ಕಡಿಮೆಯಾದರೂ ಅದರ ಕಸುವು ಹೆಚ್ಚು: ಅರ್ಥವಾಗದ್ದನ್ನು ತಿರುಗಿ ಹೇಳಲು ಬರುವುದಿಲ್ಲ, ಮೂರರಲ್ಲೊಂದು ಗುರುತು ಹಾಕಿ ಪಾರಾಗುವಂತಿಲ್ಲ. ಶಾಂಘೈಯಲ್ಲಿ 2017ರಿಂದ ಇಡೀ ಇಂಗ್ಲಿಷ್ ಪರೀಕ್ಷೆಯೇ ವರ್ಷಕ್ಕೆ ಎರಡು ಸಲ.

ಎರಡು ಸಲ ಬರೆಸುವುದರ ಪ್ರಯೋಜನ ಎಷ್ಟು? ಮೇಲೆ ಹೇಳಿದ ವಿದ್ಯಾರ್ಥಿನಿಯನ್ನೇ ತೆಗೆದುಕೊಳ್ಳಿ. ಒಂದೇ ಅವಕಾಶವಿದ್ದಾಗ ಅವಳಂಥ ನೂರರಲ್ಲಿ 11 ಮಂದಿಗೆ 11 ಅಥವಾ ಅದಕ್ಕೂ ಕಡಿಮೆ ಪ್ರಶ್ನೆ ಸರಿಯಾಗುತ್ತದೆ. ಎರಡು ಅವಕಾಶ ಕೊಟ್ಟು ಹೆಚ್ಚಿನದನ್ನು ಹಿಡಿದರೆ ಎರಡೂ ಸಲ ಹಾಗೆ ಕೆಳಗೆ ಬೀಳುವವರು ನೂರಕ್ಕೆ ಒಬ್ಬರು. ಹನ್ನೊಂದು ಒಂದಕ್ಕೆ ಇಳಿಯಿತು. ಇಷ್ಟು ಕಡಿಮೆ ಬದಲಾವಣೆಯಿಂದ ಇಷ್ಟು ಅನ್ಯಾಯ ತಪ್ಪಿಸುವ ಉಪಾಯ ಪರೀಕ್ಷೆಗಳ ಲೋಕದಲ್ಲಿ ಹೆಚ್ಚಿಲ್ಲ.

ಎರಡು ಪರೀಕ್ಷೆ ಎಂದಾಕ್ಷಣ ಎರಡರ ಕಷ್ಟವೂ ಒಂದೇ ಇರಬೇಕು ಎಂಬ ಪ್ರಶ್ನೆ ಏಳುತ್ತದೆ. ಝೆಜಿಯಾಂಗ್ ಪ್ರಾಂತ ಎಡವಿದ್ದು ಅಲ್ಲಿ. 2018ರ ನವೆಂಬರಿನ ಪತ್ರಿಕೆ ಹಿಂದಿನ ವರ್ಷದ್ದಕ್ಕಿಂತ ಕಷ್ಟವಾಯಿತೆಂದು ಅಧಿಕಾರಿಗಳು ಓದುವಿಕೆ ಮತ್ತು ಭಾಷಾ ಬಳಕೆಯ ಕೆಲವು ಪ್ರಶ್ನೆಗಳ ಅಂಕಕ್ಕೆ ಪರೀಕ್ಷೆ ಮುಗಿದ ಮೇಲೆ ತೂಕ ಸೇರಿಸಿದರು. ಫಲಿತಾಂಶ ಬಂದಾಗ ಪೋಷಕರು ಸಿಡಿದೆದ್ದರು. ಡಿಸೆಂಬರಿನಲ್ಲಿ ಪ್ರಾಂತ ಸರ್ಕಾರ ತನಿಖೆ ನಡೆಸಿ ತೂಕವನ್ನು ರದ್ದುಮಾಡಿ ಮೂಲ ಅಂಕವನ್ನೇ ಎತ್ತಿಹಿಡಿಯಿತು. ಎರಡು ಪತ್ರಿಕೆಗಳ ಕಷ್ಟವನ್ನು ಸರಿದೂಗಿಸುವುದು ಅಳತೆಯ ಶಾಸ್ತ್ರದಲ್ಲಿ ಒಪ್ಪಿತ ವಿಧಾನವೇ. ಆದರೆ ನಿಯಮ ಪರೀಕ್ಷೆಗೆ ಮೊದಲೇ ಎಲ್ಲರಿಗೂ ತಿಳಿದಿರಬೇಕು. ಆಟ ಮುಗಿದ ಮೇಲೆ ಬರೆದ ನಿಯಮವನ್ನು ಯಾವ ತಾಯಿಯೂ ಒಪ್ಪುವುದಿಲ್ಲ, ಒಪ್ಪಬಾರದು.

ಹಣ ಎತ್ತ ಹೋಯಿತು

ಅಂಕ ಇದ್ದಲ್ಲಿ ಟ್ಯೂಷನ್ ಇರುತ್ತದೆ. 2021ರ ಜುಲೈನಲ್ಲಿ ಚೀನಾ ಸರ್ಕಾರ ಒಂಬತ್ತನೇ ತರಗತಿಯವರೆಗಿನ ಪಠ್ಯ ವಿಷಯಗಳಲ್ಲಿ ಲಾಭಕ್ಕಾಗಿ ಟ್ಯೂಷನ್ ನಡೆಸುವುದನ್ನು ನಿಷೇಧಿಸಿತು. ಅದರ ಪರಿಣಾಮವನ್ನು ಯು ಮಿನ್‌ಹಾಂಗ್ ಅವರೇ 2022ರ ಜನವರಿಯಲ್ಲಿ ಅಂಕಿಗಳಲ್ಲಿ ಹೇಳಿದರು: ನ್ಯೂ ಓರಿಯೆಂಟಲ್‌ನ ಮಾರುಕಟ್ಟೆ ಮೌಲ್ಯ ಶೇ 90 ಕುಸಿಯಿತು, ಆದಾಯ ಶೇ 80 ಇಳಿಯಿತು, 60,000 ನೌಕರರನ್ನು ಕೈಬಿಡಬೇಕಾಯಿತು. ಶುಲ್ಕ ವಾಪಸು, ನೌಕರರ ಪರಿಹಾರ, ಬಾಡಿಗೆ ಒಪ್ಪಂದಗಳಿಗೆಂದು ಸುಮಾರು 2,000 ಕೋಟಿ ಯುವಾನ್ ಖರ್ಚಾಯಿತು. ಆಗಿನ ದರದಲ್ಲಿ ಇದು 23,000 ಕೋಟಿ ರೂಪಾಯಿ ಮೀರುತ್ತದೆ. ಒಂದು ಕಂಪನಿ ಬಾಗಿಲು ಅರ್ಧ ಮುಚ್ಚಿದ ಖರ್ಚೇ ಇಷ್ಟಿದ್ದರೆ ಮನೆಮನೆಗಳಿಂದ ಎಷ್ಟು ಹಣ ಹರಿದುಬಂದಿತ್ತು ಎಂದು ಓದುಗರೇ ಅಂದಾಜು ಮಾಡಬಹುದು.

2021ರಲ್ಲೇ ಇಂಗ್ಲಿಷನ್ನು ಮುಖ್ಯ ವಿಷಯದ ಸ್ಥಾನದಿಂದ ಕೆಳಗಿಳಿಸಬೇಕೆಂಬ ಸಲಹೆ ರಾಜಕೀಯ ಸಲಹಾ ಸಮ್ಮೇಳನದ ಸದಸ್ಯರೊಬ್ಬರಿಂದ ಬಂತು, ಚರ್ಚೆ ಜೋರಾಯಿತು. ಆದರೆ 150 ಅಂಕ 150 ಆಗಿಯೇ ಉಳಿಯಿತು.

ಪರೀಕ್ಷೆ ಬದಲಿಸಿದರೆ ಪಾಠ ಬದಲಾಗುತ್ತದೆ ಎಂಬ 1985ರ ಆಸೆ ಏನಾಯಿತು? ಗ್ವಾಂಗ್‌ಡಾಂಗ್‌ನ ಸಂಶೋಧಕಿ ಚಿ ಲುಶಿಯಾ ಇದನ್ನೇ ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು. ಪತ್ರಿಕೆ ರೂಪಿಸಿದವರು ಭಾಷೆಯ ಬಳಕೆಯನ್ನು ಬಯಸಿದ್ದರೂ ಶಾಲೆಗಳು ಅಂಕ ಬರುವ ಕಸರತ್ತಿಗೇ ಕಟ್ಟುಬಿದ್ದವು ಎಂಬುದು ಅವರು ಕಂಡುಕೊಂಡದ್ದು. ಪ್ರಶ್ನೆಯ ರೂಪ ಬದಲಾದಾಗ ಕಸರತ್ತಿನ ರೂಪವೂ ಬದಲಾಗುತ್ತದೆ, ಅಷ್ಟೆ. ಇದರಿಂದ ನಾನು ತೆಗೆಯುವ ತೀರ್ಮಾನ, ಪ್ರಶ್ನೆಯ ರೂಪಕ್ಕಿಂತ ಶಾಲೆಗೆ ಕೊಡುವ ಸಲಕರಣೆ ಮತ್ತು ಸಮಯ ಮೊದಲು ಬರಬೇಕು ಎಂಬುದು.

2018ರ ಜೂನ್ 1ರಿಂದ ಚೀನಾ ತನ್ನದೇ ಇಂಗ್ಲಿಷ್ ಸಾಮರ್ಥ್ಯದ ಮಾನದಂಡ ಜಾರಿಗೆ ತಂದಿದೆ, ಅದರಲ್ಲಿ ಒಂಬತ್ತು ಮಟ್ಟ. ಹೈಸ್ಕೂಲು ಮುಗಿಸಿದವರನ್ನು ಸಾಮಾನ್ಯವಾಗಿ ನಾಲ್ಕನೇ ಮಟ್ಟಕ್ಕೆ ಹೊಂದಿಸುತ್ತಾರೆ. 2019ರಲ್ಲಿ ಐಇಎಲ್‌ಟಿಎಸ್ ಜೊತೆ ತಾಳೆ ಹಾಕಿದಾಗ ನಾಲ್ಕನೇ ಮಟ್ಟ 4.5 ಬ್ಯಾಂಡಿಗೆ ಸಮ ಎಂದಾಯಿತು. ಹೊರದೇಶದ ಬಹಳಷ್ಟು ವಿಶ್ವವಿದ್ಯಾಲಯಗಳು ಕೇಳುವುದು 6 ಅಥವಾ 6.5.

ಅಷ್ಟು ದೂರ ಹೋಗುವುದೂ ಬೇಡ. ದೇಶದೊಳಗಿನ ಕಾಲೇಜು ವಿದ್ಯಾರ್ಥಿಗಳು 1987ರಿಂದ ಬರೆಯುತ್ತ ಬಂದಿರುವ ನಾಲ್ಕನೇ ಹಂತದ ಇಂಗ್ಲಿಷ್ ಪರೀಕ್ಷೆಯನ್ನೇ ನೋಡಿ. ಈಗ ಅದರ 710 ಅಂಕಗಳಲ್ಲಿ ಓದುವಿಕೆಗೆ ಶೇ 35, ಆಲಿಸುವಿಕೆಗೂ ಶೇ 35. ಹೈಸ್ಕೂಲಿನಲ್ಲಿ ಶೇ 20 ತೂಕಕ್ಕೆ ತಯಾರಾದ ಮಗು ಇಲ್ಲಿ ಕಷ್ಟಪಡುತ್ತದೆ. ಆಲಿಸುವಿಕೆಗೆ ಸೊನ್ನೆ ತೂಕ ಕೊಟ್ಟ ಕಡೆಯಿಂದ ಬಂದ ಮಗು ಇನ್ನೂ ಹೆಚ್ಚು. ಮೊದಲು ಹೆಡ್‌ಫೋನ್, ಆಮೇಲೆ ಎರಡು ಅವಕಾಶ, ಆಮೇಲೆ ಎಲ್ಲ ಪ್ರಾಂತಗಳಲ್ಲೂ ಕನಿಷ್ಠ 30 ಅಂಕ: ಈ ಕ್ರಮದಲ್ಲಿ ಹೋದರೆ ಮಾತ್ರ ಹಳ್ಳಿಯ ಕಿವಿಗೂ ನಗರದ ಕಿವಿಗೂ ಒಂದೇ ತಕ್ಕಡಿ ಸಿಗುತ್ತದೆ. ಆಲಿಸುವಿಕೆಯನ್ನು ಲೆಕ್ಕದಿಂದ ಬಿಡುವುದು ಪರಿಹಾರ ಅಲ್ಲವೇ ಅಲ್ಲ.